ಚೆಂದ ಕಾಣುವ ಫೋಟೋ ನಂಬಬಾರದು

ಮಂಗಳವಾರ ಗಂಗಾವತಿ, ಗುರುವಾರ ಕೊಪ್ಪಳ, ಶನಿವಾರ ಸಿಂಧನೂರು. ನಾಲ್ಕು ವರ್ಷದಿಂದ ನನ್ನ ವಾರ ಹೀಗೇ ಓಡುತ್ತಿದೆ. ಕಾರಿನ ಹಿಂದಿನ ಸೀಟಿನಲ್ಲಿ ಕ್ಯಾಮೆರಾ ಪೆಟ್ಟಿಗೆ, ಅದಕ್ಕೊಂದು ಸೀಟ್ ಬೆಲ್ಟ್. ನನ್ನ ಕಾಲ ಹತ್ತಿರ ಡ್ರಾಪ್ಸ್ ಇಟ್ಟ ಐಸ್ ಡಬ್ಬಿ. ದಿನ ತುಂಬದೆ ಹುಟ್ಟಿದ ಕೂಸುಗಳ ಕಣ್ಣಿನೊಳಗಿನ ಫೋಟೋ ತೆಗೆಯುವುದು ನನ್ನ ಕೆಲಸ. ನಾನು ಡಾಕ್ಟರ್ ಅಲ್ಲ, ಕಣ್ಣು ಪರೀಕ್ಷೆ ಮಾಡುವ ಆಪ್ಟೋಮೆಟ್ರಿಸ್ಟ್. ಫೋಟೋ ತೆಗೆದು, ಮೊದಲ ತೀರ್ಮಾನ ಬರೆದು, ದೂರದಲ್ಲಿ ಕೂತ ರೆಟಿನಾ ಡಾಕ್ಟರಿಗೆ ಕಳಿಸುತ್ತೇನೆ. ನಮ್ಮ ರಾಜ್ಯದಲ್ಲಿ ಈ ದಾರಿ ಹಾಕಿದ್ದು 2008ರಲ್ಲಿ ಶುರುವಾದ ಕಿಡ್‌ರಾಪ್ ಯೋಜನೆ. ಡಾಕ್ಟರ್ ಇಲ್ಲದ ಕಡೆ ತರಬೇತಿ ಪಡೆದ ತಂತ್ರಜ್ಞರೇ ಫೋಟೋ ತೆಗೆಯಬಹುದು ಅಂತ ಅವರು ಮಾಡಿ ತೋರಿಸಿದರು. ನಾನು ಆ ತಂಡದವಳಲ್ಲ, ಆದರೆ ನಡೆಯುತ್ತಿರುವುದು ಅದೇ ದಾರಿಯಲ್ಲಿ.

ಕಾಯಿಲೆಯ ಹೆಸರು ರೆಟಿನೋಪತಿ ಆಫ್ ಪ್ರಿಮೆಚ್ಯೂರಿಟಿ. ನಾವೆಲ್ಲ ಆರ್‌ಓಪಿ ಅಂತೀವಿ. ತಾಯಂದಿರಿಗೆ ಈ ಹೆಸರು ಹೇಳಿ ಪ್ರಯೋಜನ ಇಲ್ಲ. ನಾನು ಕಾಲುವೆ ಕಥೆ ಹೇಳುತ್ತೇನೆ. ನಮ್ಮ ಕಡೆ ತುಂಗಭದ್ರಾ ಎಡದಂಡೆ ಕಾಲುವೆ ಗೊತ್ತಿಲ್ಲದವರು ಯಾರಿದ್ದಾರೆ? ರೆಟಿನಾ ಅಂದರೆ ಕಣ್ಣಿನ ಹಿಂಬದಿಯ ಹೊಲ. ಬಸಿರಿನ ಹದಿನಾರನೇ ವಾರದ ಹೊತ್ತಿಗೆ ಕಣ್ಣಿನ ನರದ ಬುಡದಿಂದ ರಕ್ತನಾಳ ಹೊರಡುತ್ತವೆ. ಮೂಗಿನ ಕಡೆಯ ಅಂಚು ಮುಟ್ಟುವುದು ಮೂವತ್ತಾರನೇ ವಾರಕ್ಕೆ. ಕಿವಿಯ ಕಡೆಯ ಅಂಚು ಮುಟ್ಟುವುದು ದಿನ ತುಂಬುವ ಹೊತ್ತಿಗೆ. ಕೂಸು ಮೂವತ್ತು ವಾರಕ್ಕೇ ಹುಟ್ಟಿದರೆ ಕಾಲುವೆ ಅರ್ಧಕ್ಕೇ ನಿಂತಿರುತ್ತದೆ. ಹೊಟ್ಟೆಯೊಳಗೆ ಆಮ್ಲಜನಕ ಕಡಿಮೆ, ಹೊರಗೆ ಜಾಸ್ತಿ. ಮೇಲೆ ಮೂಗಿಗೆ ಪೈಪು ಬೇರೆ. ಸಾಕಷ್ಟು ಸಿಕ್ಕಿತು ಅಂತ ನಾಳಗಳು ಬೆಳೆಯುವುದನ್ನೇ ಬಿಡುತ್ತವೆ. ಕೆಲವು ವಾರ ಆದಮೇಲೆ ಟೇಲ್ ಎಂಡಿನ ಹೊಲ ನೀರಿಲ್ಲದೆ ಕೂಗಲು ಶುರು ಮಾಡುತ್ತದೆ. ಆ ಕೂಗಿನ ಹೆಸರು ವಿಇಜಿಎಫ್, ನಾಳ ಬೆಳೆಸುವ ಒಂದು ಪ್ರೋಟೀನ್. ಕೂಗು ಜೋರಾದರೆ ಕಾಲುವೆಯ ಕೊನೆಯಲ್ಲಿ ಅಡ್ಡಾದಿಡ್ಡಿ ನಾಳ ಹುಟ್ಟುತ್ತವೆ, ಸೋರುತ್ತವೆ, ಕಡೆಗೆ ರೆಟಿನಾವನ್ನೇ ಎಳೆದು ಕಿತ್ತುಬಿಡುತ್ತವೆ. ಆಮೇಲೆ ಯಾರಿಂದಲೂ ಹೆಚ್ಚೇನೂ ಮಾಡಲಾಗುವುದಿಲ್ಲ.

ಹುಟ್ಟಿದ ಮೂವತ್ತನೇ ದಿನದೊಳಗೆ ಮೊದಲ ಫೋಟೋ ಆಗಲೇಬೇಕು. 34 ವಾರಕ್ಕೆ ಮುಂಚೆ ಹುಟ್ಟಿದ್ದು ಅಥವಾ 2000 ಗ್ರಾಂಗಿಂತ ಕಡಿಮೆ ಇದ್ದದ್ದು ನಮ್ಮ ಲೆಕ್ಕಕ್ಕೆ ಬರುತ್ತದೆ. 28 ವಾರಕ್ಕೂ ಮುಂಚೆ ಅಥವಾ 1200 ಗ್ರಾಂಗೂ ಕಡಿಮೆ ಇದ್ದರೆ ಎರಡು–ಮೂರು ವಾರಕ್ಕೇ ನೋಡಬೇಕು.

ಕೆಲಸ ಹೀಗೆ. ಒಂದು ಗಂಟೆ ಮುಂಚಿನಿಂದ ಹಾಲು ಕೊಡಬೇಡಿ ಅಂತ ಸಿಸ್ಟರ್‌ಗೆ ಹೇಳಿರುತ್ತೇನೆ. ಇಲ್ಲದಿದ್ದರೆ ಕಕ್ಕಿಕೊಂಡು ಉಸಿರಿಗೆ ಹೋಗುತ್ತದೆ. ದೊಡ್ಡವರ ಪಾಪೆ ಹಿಗ್ಗಿಸುವ ಡ್ರಾಪ್ಸ್‌ನಲ್ಲಿ ಫಿನೈಲೆಫ್ರಿನ್ ಶೇಕಡ 5 ಇರುತ್ತದೆ. ಕೂಸಿಗೆ ಅದನ್ನು ತೆಳು ಮಾಡಿ 2.5ಕ್ಕೆ ಇಳಿಸುತ್ತೇವೆ. ಕೆನ್ನೆ ಮೇಲೆ ಹರಿದದ್ದನ್ನು ತಕ್ಷಣ ಒರೆಸಬೇಕು. ಆ ಹೂವಿನಂಥ ಚರ್ಮದಿಂದಲೂ ಔಷಧ ಒಳಗಿಳಿದು ಬಿ.ಪಿ. ಏರಿಸುತ್ತದೆ. ನಮ್ಮ ಮಕ್ಕಳ ಪಾಪೆಯ ಸುತ್ತಲಿನ ಉಂಗುರದ ಬಣ್ಣ ಗಾಢ, ಪಾಪೆ ಹಿಗ್ಗಲು ತಡ. ಮೂರು ಸಲ ಹಾಕಿದರೂ ಹಿಗ್ಗದಿದ್ದರೆ ಸುಮ್ನೆ ಡ್ರಾಪ್ಸ್ ಹಳೆಯದು ಅಂದುಕೊಳ್ಳಬಾರದು. ಕಾಯಿಲೆ ಜೋರಾದಾಗಲೂ ಪಾಪೆ ಬಿರುಸಾಗಿ ನಿಲ್ಲುತ್ತದೆ. ಹಾಗಾಗಿ ಪಾಪೆ ಹಿಗ್ಗದ ಕೂಸನ್ನು ನಾನು ಯಾವತ್ತೂ ಮುಂದಿನ ವಾರಕ್ಕೆ ಹಾಕುವುದಿಲ್ಲ.

ಆಮೇಲೆ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ಮರಗಟ್ಟಿಸುವ ಹನಿ ಹಾಕಿ, ರೆಪ್ಪೆ ಬಿಡಿಸಿ ಹಿಡಿಯುವ ತಂತಿ ಇಟ್ಟು, ಮೇಲೆ ಜೆಲ್ ಹಾಕಿ ಲೆನ್ಸನ್ನು ಕಣ್ಣಿನ ಮೇಲೆ ಇಡುತ್ತೇನೆ. ಬಾಯಿಗೆ ಎರಡು ಹನಿ ಸಕ್ಕರೆ ನೀರು. ಗಾಜಿನ ಆಚೆ ನಿಂತ ಅಜ್ಜಿಯರಿಗೆ ಇದನ್ನು ನೋಡಲಾಗುವುದಿಲ್ಲ. "ಕಣ್ಣ ಕೀಳಾಕತ್ಯಾರಬೇ ಯವ್ವಾ" ಅಂತ ಒಬ್ಬಾಕೆ ಕಾರಿಡಾರ್ ತುಂಬ ಕೂಗಿದ್ದು ನೆನಪಿದೆ. ನಡುವೆ, ಎತ್ತು, ಇಳಿಸು, ಎಡ, ಬಲ. ಒಂದು ಕಣ್ಣಿಗೆ ಐದಾರು ಫೋಟೋ. ನನ್ನ ಒಂದು ಕಣ್ಣು ಪರದೆ ಮೇಲೆ, ಇನ್ನೊಂದು ಕೂಸಿನ ಹೃದಯ ಬಡಿತ ತೋರಿಸುವ ಮಾನಿಟರ್ ಮೇಲೆ. ಕಣ್ಣು ಒತ್ತಿದರೆ ಬಡಿತ ದಿಢೀರ್ ಇಳಿಯಬಹುದು. ಇಳಿದರೆ ಕೈ ಎತ್ತಬೇಕು, ಅಷ್ಟೆ.

ಒತ್ತುವುದರ ಬಗ್ಗೆ ನನ್ನದೇ ಒಂದು ತಪ್ಪು ಹೇಳಬೇಕು. ಮೊದಲ ವರ್ಷ. ಮೂವತ್ತು ವಾರಕ್ಕೆ ಹುಟ್ಟಿದ, 1300 ಗ್ರಾಮಿನ ಹೆಣ್ಣು ಕೂಸು. ಎರಡನೇ ಭೇಟಿ. ಕೂಸು ಒದ್ದಾಡುತ್ತಿತ್ತು, ನನ್ನ ಕೈ ಬಿಗಿಯಾಯಿತು. ಫೋಟೋ ಮಾತ್ರ ಏನು ಚೆಂದ ಬಂತು ಅಂತೀರಿ! ಗಿಡದ ಕೊಂಬೆಗಳ ಹಾಗೆ ನೆಟ್ಟಗೆ, ಸಣ್ಣಗೆ ನಾಳಗಳು. ಅಂಚಿನ ಹತ್ತಿರ ಒಂದು ಸಣ್ಣ ಏರಿ ಇತ್ತು, ಅದು ಕಾಯಿಲೆಯ ಎರಡನೇ ಹಂತ. ಎರಡು ವಾರ ಬಿಟ್ಟು ಬರಲಿ ಅಂತ ಬರೆದು ಕಳಿಸಿದೆ. ಹತ್ತು ನಿಮಿಷಕ್ಕೆ ಡಾಕ್ಟರ್ ಫೋನ್. "ಏನಮ್ಮಾ, ನರದ ಬುಡ ಇಷ್ಟೊಂದು ಬೆಳ್ಳಗೆ ಯಾಕಿದೆ? ಒತ್ತಿ ಹಿಡಿದಿದ್ದೀಯಾ? ಹೋಗಿ ಕೈ ಸಡಿಲ ಬಿಟ್ಟು ಇನ್ನೊಂದು ತೆಗಿ."

ಮತ್ತೆ ಸುತ್ತಿದೆವು. ಈ ಸಲ ಲೆನ್ಸ್ ಜೆಲ್ ಮೇಲೆ ತೇಲುವ ಹಾಗೆ ಹಿಡಿದೆ. ಪರದೆ ಮೇಲೆ ಬೇರೆಯದೇ ಕಣ್ಣು ಕಂಡಿತು. ಅದೇ ನಾಳಗಳು ಉಬ್ಬಿಕೊಂಡು, ಹಾವಿನ ಹಾಗೆ ಸುತ್ತಿಕೊಂಡಿದ್ದವು. ಇದನ್ನೇ ಪ್ಲಸ್ ಅನ್ನುವುದು. ಪ್ಲಸ್ ಇದ್ದರೆ 48ರಿಂದ 72 ಗಂಟೆಯೊಳಗೆ ಚಿಕಿತ್ಸೆ ಆಗಬೇಕು. ನನ್ನ ಕೈಯ ಒತ್ತಡಕ್ಕೆ ನಾಳಗಳಿಗೆ ರಕ್ತ ಬರುವುದೇ ಕಡಿಮೆಯಾಗಿ, ಕಾಯಿಲೆಯೇ ಕಾಣದ ಹಾಗಾಗಿತ್ತು. ಮರುದಿನ ಲೇಸರ್ ಆಯಿತು. ಈಗ ಆ ಹುಡುಗಿ ಅಂಗನವಾಡಿಗೆ ಹೋಗುತ್ತಾಳೆ. ಕನ್ನಡಕ ಇದೆ, ದಪ್ಪದ್ದೇ.

ಪ್ಲಸ್ ಗುರುತಿಸುವ ಕಂಪ್ಯೂಟರ್ ಸಾಫ್ಟ್‌ವೇರ್ ಬಂದಿವೆ, ನಿನ್ನ ಕೆಲಸ ಹೋಗುತ್ತದೆ ಅಂತ ಗೆಳತಿಯರು ರೇಗಿಸುತ್ತಾರೆ. ಬರಲಿ, ನನಗೇನೂ ಬೇಜಾರಿಲ್ಲ. ಆದರೆ ಒತ್ತಿ ತೆಗೆದ ಫೋಟೋ ಕೊಟ್ಟರೆ ಅದೂ ನನ್ನ ಹಾಗೇ ಮೋಸ ಹೋಗುತ್ತದೆ ಅಲ್ವಾ?

ಲೇಸರ್ ಅಂದರೆ ನಾಳ ಮುಟ್ಟದ ಅಂಚಿನ ರೆಟಿನಾವನ್ನು ಚುಕ್ಕೆ ಚುಕ್ಕೆಯಾಗಿ ಸುಡುವುದು. ಟೇಲ್ ಎಂಡಿನ ಹೊಲವನ್ನೇ ಪಾಳು ಬಿಟ್ಟ ಹಾಗೆ. ನೀರು ಕೇಳುವವರೇ ಇಲ್ಲ, ಕೂಗು ನಿಲ್ಲುತ್ತದೆ. ಇಂಜೆಕ್ಷನ್ ಬೇರೆ ರೀತಿ. ಅದು ಕೂಗನ್ನೇ ಹಿಡಿದು ಸುಮ್ಮನಾಗಿಸುತ್ತದೆ, ಹೊಲ ಉಳಿಯುತ್ತದೆ. 2011ರಲ್ಲಿ ಬೀಟ್-ಆರ್‌ಓಪಿ ಅಧ್ಯಯನ ಬೆವಾಸಿಜುಮ್ಯಾಬ್ ಅನ್ನುವ ಇಂಜೆಕ್ಷನ್ ಬಗ್ಗೆ ಬಂದಾಗಿನಿಂದ ಇದು ಜೋರಾಯಿತು. ಕಣ್ಣಿನ ನಡುಭಾಗದ ಹತ್ತಿರವೇ ಕಾಯಿಲೆ ಇರುವ ಕೂಸುಗಳಿಗೆ ಲೇಸರ್‌ಗಿಂತ ಒಳ್ಳೆಯದು ಅಂತ ಅದರಲ್ಲಿ ಕಂಡಿತು. ಆಮೇಲೆ ಅದೇ ಥರದ ಔಷಧಗಳಾದ ಇನ್ನೆರಡಕ್ಕೆ, 2019ರಲ್ಲಿ ಯುರೋಪಿನಲ್ಲಿ ರಾನಿಬಿಜುಮ್ಯಾಬ್‌ಗೆ, 2023ರಲ್ಲಿ ಅಮೆರಿಕದಲ್ಲಿ ಅಫ್ಲಿಬರ್ಸೆಪ್ಟ್‌ಗೆ ಈ ಕಾಯಿಲೆಗೆ ಬಳಸಲು ಒಪ್ಪಿಗೆ ಸಿಕ್ಕಿತು.

ಇಂಜೆಕ್ಷನ್ ನನಗೂ ಇಷ್ಟ. ಕೆಲವೇ ನಿಮಿಷದ ಕೆಲಸ, ಒಂದು ವಾರಕ್ಕೆ ಹಾವೆಲ್ಲ ನೆಟ್ಟಗಾಗಿರುತ್ತವೆ. ಆದರೆ ನಮ್ಮ ಜಿಲ್ಲೆಗೆ ಅದು ಕಷ್ಟದ ಔಷಧ. ಲೇಸರ್ ಸರಿಯಾಗಿ ಆದರೆ ಕೆಲವು ವಾರಕ್ಕೆ ಕಥೆ ಮುಗಿಯುತ್ತದೆ. ಇಂಜೆಕ್ಷನ್ ಆದ ಕಣ್ಣಿನಲ್ಲಿ ಔಷಧ ಕರಗಿದ ಮೇಲೆ, ವಾರಗಳೋ ತಿಂಗಳುಗಳೋ ಕಳೆದು, ಕಾಯಿಲೆ ಮತ್ತೆ ಎದ್ದು ಬರಬಹುದು. ನಾಳ ಅಂಚು ಮುಟ್ಟುವ ತನಕ ಕಾಯಬೇಕು. ನಮ್ಮ ಜನಕ್ಕೆ ಕಾಯಲು ಪುರುಸೊತ್ತೆಲ್ಲಿ? ಸುಗ್ಗಿ ಮುಗಿದರೆ ಗುಳೆ.

ಯಲಬುರ್ಗಾ ಕಡೆಯ ಒಂದು ಕೂಸು ಹಾಗೇ ಆಯಿತು. ಇಪ್ಪತ್ತೇಳು ವಾರ, 900 ಗ್ರಾಂ. ಇಂಜೆಕ್ಷನ್ ಆಗಿ ಎರಡು ಸಲ ಬಂದರು. ಫೋಟೋ ಕನ್ನಡಿ ಇದ್ದ ಹಾಗೆ. ಮೂರನೇ ಸಲ ಬರಲಿಲ್ಲ. ಫೈಲಿನಲ್ಲಿದ್ದದ್ದು ಗಂಡನ ಊರಿನ ವಿಳಾಸ, ಬಾಣಂತಿ ಇದ್ದದ್ದು ಕುಷ್ಟಗಿ ಹತ್ತಿರದ ತವರಿನಲ್ಲಿ. ಆಶಾ ಅಕ್ಕ ಹುಡುಕಿಕೊಂಡು ಹೋಗುವಷ್ಟರಲ್ಲಿ ಅವರು ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗಿದ್ದರು. ಕೊನೆಗೆ ಮೇಸ್ತ್ರಿಯ ನಂಬರ್ ಸಿಕ್ಕಿ ತಾಯಿಯ ಜೊತೆ ಮಾತಾಡಿದೆ.

"ಅಲ್ರಿ ಅಕ್ಕಾರ, ನನ್ನ ಮಾರಿ ನೋಡಿ ನಗ್ತೈತಿ. ಕಣ್ಣು ಚಲೋ ಐತಿ. ಮತ್ಯಾಕ ಬರ್ಬೇಕ್ರಿ?"

ಬೈಯಲು ಬಾಯಿ ಬರಲಿಲ್ಲ. ನಾನೂ ಫೋಟೋ ನೋಡಿ ಹಾಗೇ ಅಂದುಕೊಂಡವಳೇ ತಾನೆ. "ತಂಗಿ, ಕಾಲುವಿ ಇನ್ನೂ ಕಡೀ ಹೊಲ ಮುಟ್ಟಿಲ್ಲ" ಅಂದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಯಾವ ಬಸ್ಸಿಗೆ ಹೋಗ್ಬೇಕು ಹೇಳ್ರಿ" ಅಂದಳು. ಬೆಂಗಳೂರಿನಲ್ಲೇ ತೋರಿಸಲು ಡಾಕ್ಟರ್ ವ್ಯವಸ್ಥೆ ಮಾಡಿದರು. ಇಂಜೆಕ್ಷನ್ ಆಗಿ ಒಂಬತ್ತು ವಾರವಾಗಿತ್ತು, ಒಂದು ಕಣ್ಣಿನಲ್ಲಿ ಏರಿ ಮತ್ತೆ ಎದ್ದಿತ್ತು. ಅಲ್ಲೇ ಲೇಸರ್ ಮಾಡಿದರು.

ಆವತ್ತಿನಿಂದ ನನ್ನ ನೋಟ್‌ಬುಕ್ಕಿನಲ್ಲಿ ಪ್ರತಿ ಕೂಸಿನ ಹೆಸರಿನ ಎದುರು ನಾಲ್ಕು ಫೋನ್ ನಂಬರ್ ಇರುತ್ತವೆ: ಗಂಡನದು, ತವರಿನದು, ಆಶಾ ಅಕ್ಕನದು, ಮೇಸ್ತ್ರಿಯದು. ಇವತ್ತು ಸಿಂಧನೂರಿನಲ್ಲಿ ಒಬ್ಬ ಅಜ್ಜ ಮೂರು ನಂಬರ್ ಬರೆಸಿ, ನಾಲ್ಕನೆಯದಕ್ಕೆ ತಲೆ ಕೆರೆದುಕೊಂಡ. ಆಮೇಲೆ ಊರ ಕಿರಾಣಿ ಅಂಗಡಿಯವನ ನಂಬರ್ ಕೊಟ್ಟು ಹೋದ. ಬರೆದುಕೊಂಡಿದ್ದೇನೆ.