ಹಳದಿ ಕಾರ್ಡು ಕೈಯಲ್ಲಿ, ಸೊಳ್ಳೆ ಕಾಲಲ್ಲಿ

ಟಾಂಜಾನಿಯಾಕ್ಕೆ ಸೇರಿದ ಜಾಂಜಿಬಾರ್ ದ್ವೀಪಕ್ಕೆ ಹೋಗುವುದೆಂದು ತೀರ್ಮಾನವಾದಾಗ ನಾನು ನೋಡಿದ್ದು ಸಮುದ್ರದ ಚಿತ್ರಗಳನ್ನು, ನಮ್ಮ ಯಜಮಾನರು ನೋಡಿದ್ದು ವಿಮಾನದ ದರವನ್ನು. ಕೀನ್ಯಾದ ನೈರೋಬಿಯಲ್ಲಿ ಇಳಿದು ಮಸಾಯಿ ಮಾರಾದಲ್ಲಿ ಮೂರು ರಾತ್ರಿ, ಅಲ್ಲಿಂದ ದ್ವೀಪದಲ್ಲಿ ಐದು ದಿನ. ಟಿಕೆಟ್ ಕೊಂಡಾದ ಮೇಲೆ, ಅತ್ತೆಯವರ ರಕ್ತದೊತ್ತಡ ತೋರಿಸಲು ಹೋಗಿದ್ದಾಗ, ವೈದ್ಯರು ಕೇಳಿದರು: "ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡಿರಾ?" ನಾನು ಕಾಮಾಲೆ ಎಂದುಕೊಂಡೆ. ಅದಲ್ಲ, ಇದು ಸೊಳ್ಳೆಯಿಂದ ಹರಡುವ ಒಂದು ವೈರಸ್ ಜ್ವರ.

ಕೀನ್ಯಾ ಹಳದಿ ಜ್ವರದ ಅಪಾಯವಿರುವ ದೇಶ. ಅಲ್ಲಿಂದ ಬರುವವರನ್ನು ಟಾಂಜಾನಿಯಾ ಲಸಿಕೆಯ ಪ್ರಮಾಣಪತ್ರ ಕೇಳುತ್ತದೆ. ಹಿಂದಿರುಗಿ ಬಂದಾಗ ನಮ್ಮ ದೇಶವೂ ಕೇಳುತ್ತದೆ. ಇಲ್ಲದಿದ್ದರೆ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಇಷ್ಟು ಬಿಗಿ ಏಕೆಂದರೆ, ಈ ವೈರಸ್ಸನ್ನು ಹರಡುವ ಈಡಿಸ್ ಈಜಿಪ್ಟೈ ಸೊಳ್ಳೆ ನಮ್ಮ ಮನೆಯ ಹೂಕುಂಡದಲ್ಲೇ ಇದೆ; ಕಾಡಿನಲ್ಲಿ ಮಂಗಗಳಿವೆ; ವೈರಸ್ ಒಂದೇ ಇನ್ನೂ ಬಂದಿಲ್ಲ. ನಾನು ಸೊರಬದವಳು. 1957ರಲ್ಲಿ ನಮ್ಮ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಮೊದಲು ಸಂಶಯ ಬಂದದ್ದು ಹಳದಿ ಜ್ವರದ ಮೇಲೆಯೇ. ಆಮೇಲೆ ಅದು ಉಣ್ಣೆ ಹುಳ ಕಚ್ಚಿ ಬರುವ ಮಂಗನ ಕಾಯಿಲೆ ಎಂದು ತಿಳಿಯಿತು. ಹಾಗಾಗಿ ನಿಯಮದ ಬಗ್ಗೆ ನನಗೆ ತಕರಾರಿರಲಿಲ್ಲ.

ಈ ಲಸಿಕೆ ಎಲ್ಲ ಆಸ್ಪತ್ರೆಗಳಲ್ಲೂ ಸಿಗುವುದಿಲ್ಲ, ಸರ್ಕಾರ ಮಾನ್ಯ ಮಾಡಿದ ಕೇಂದ್ರಕ್ಕೇ ಹೋಗಬೇಕು. ಒಂದು ಸೀಸೆಯಲ್ಲಿ ಹಲವರಿಗಾಗುವಷ್ಟು ಮದ್ದಿರುತ್ತದೆ, ಒಮ್ಮೆ ಕಲಸಿದರೆ ಕೆಲವೇ ಗಂಟೆಗಳಲ್ಲಿ ಮುಗಿಸಬೇಕು; ಆದ್ದರಿಂದ ಗೊತ್ತಾದ ದಿನಗಳಲ್ಲಿ, ಗುಂಪು ಸೇರಿದ ಮೇಲೆಯೇ ಕೊಡುತ್ತಾರೆ. ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ಬೆಳಿಗ್ಗೆ ಸಾಲಿನಲ್ಲಿ ನಿಂತೆವು. ನಮ್ಮ ಮುಂದಿದ್ದ ಹುಡುಗ ನಾಲ್ಕು ದಿನದಲ್ಲಿ ಹೊರಡುವವನಿದ್ದ. ಪ್ರಮಾಣಪತ್ರ ಜಾರಿಗೆ ಬರುವುದು ಸೂಜಿ ಚುಚ್ಚಿದ ಹತ್ತು ದಿನಗಳ ನಂತರ ಎಂದಾಗ ಅವನ ಮುಖ ನೋಡಲಾಗಲಿಲ್ಲ. ನಮಗೆ ಹದಿನೇಳು ದಿನವಿತ್ತು, ಅದೂ ಜಾಣತನದಿಂದಲ್ಲ, ಅತ್ತೆಯವರ ರಕ್ತದೊತ್ತಡದ ಪುಣ್ಯದಿಂದ.

ಸೂಜಿಯೇನೋ ಕ್ಷಣದಲ್ಲಿ ಮುಗಿಯಿತು. ಪ್ರಮಾಣಪತ್ರದ ಹಳದಿ ಕಾರ್ಡು ಕೈಗೆ ಬಂದಾಗ ನೋಡುತ್ತೇನೆ, ಯಜಮಾನರ ಪಾಸ್‌ಪೋರ್ಟ್ ಸಂಖ್ಯೆಯಲ್ಲಿ 7 ಇರಬೇಕಾದಲ್ಲಿ 1. ಬರೆದವರು "ಯಾರು ಅಷ್ಟು ನೋಡುತ್ತಾರೆ" ಎಂದರು. ನಾನು ಜಾಗ ಬಿಟ್ಟು ಕದಲಲಿಲ್ಲ. ಹೊಸ ಕಾರ್ಡು, ಹೊಸ ಮೊಹರು ಆದ ಮೇಲೆಯೇ ಹೊರಬಂದದ್ದು. ಈ ಕಾರ್ಡು ಈಗ ಜೀವನಪರ್ಯಂತ ಸಲ್ಲುತ್ತದೆ. ಹತ್ತು ವರ್ಷಕ್ಕೊಮ್ಮೆ ಮತ್ತೆ ಹಾಕಿಸಬೇಕೆಂಬ ನಿಯಮ 2016ರಲ್ಲೇ ಹೋಯಿತು.

ಅತ್ತೆಯವರಿಗೆ ಅರವತ್ತಾರು. ಇದು ಜೀವಂತ ವೈರಸ್ಸಿನ ಲಸಿಕೆ. ಅರವತ್ತು ದಾಟಿದವರಲ್ಲಿ ಗಂಭೀರ ಅಡ್ಡಪರಿಣಾಮ ಅಪರೂಪವಾದರೂ ಕಿರಿಯರಿಗಿಂತ ಹೆಚ್ಚು ಎಂದು ವೈದ್ಯರು ಮೊದಲೇ ಬಿಡಿಸಿ ಹೇಳಿದ್ದರು. "ನಿಮ್ಮ ಸೂಜಿಯೂ ಬೇಡ, ಅವರ ಸೊಳ್ಳೆಯೂ ಬೇಡ" ಎಂದು ಅತ್ತೆಯವರು ಮನೆಯಲ್ಲೇ ಉಳಿದರು.

ಇಷ್ಟೆಲ್ಲ ಆದ ಮೇಲೆ ನನಗೆ ಗೊತ್ತಾದದ್ದು ಇದು: ಕಾರ್ಡು ಗಡಿ ದಾಟುವುದಕ್ಕೆ. ದ್ವೀಪದಲ್ಲಿ ನಿಜವಾಗಿ ಕಾಡಬಹುದಾದವು ಮಲೇರಿಯಾ ಮತ್ತು ಡೆಂಗಿ, ಅವಕ್ಕೆ ನಮ್ಮ ಬಳಿ ಯಾವ ಸೂಜಿಯೂ ಇರಲಿಲ್ಲ. ಜಾಂಜಿಬಾರ್‌ನಲ್ಲಿ ಮಲೇರಿಯಾ ಬಹಳ ಇಳಿದಿದೆ, ಅಳಿದಿಲ್ಲ. ಟಾಂಜಾನಿಯಾದ ಮುಖ್ಯಭೂಮಿಯ ದಾರ್ ಎಸ್ ಸಲಾಮ್‌ನಿಂದ ದೋಣಿಯಲ್ಲಿ ನಿತ್ಯ ಜನ ಬರುತ್ತಾರೆ, ಅವರೊಂದಿಗೆ ರೋಗಾಣುವೂ ಬರುತ್ತದೆ. ಮಲೇರಿಯಾ ತಡೆಯಲು ವೈದ್ಯರು ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ಮಾತ್ರೆ ಬರೆದುಕೊಟ್ಟರು. ಹೊರಡುವ ಮುನ್ನಾದಿನದಿಂದ ದಿನಕ್ಕೊಂದು, ವಾಪಸಾದ ಮೇಲೂ ನಾಲ್ಕು ವಾರ. ಊಟವಾದ ಮೇಲೆ ದೊಡ್ಡ ಲೋಟದ ತುಂಬ ನೀರು ಕುಡಿದು ನುಂಗಬೇಕು, ಕೂಡಲೇ ಮಲಗಬಾರದು ಎಂದರು. ಒಂದು ರಾತ್ರಿ ನಿದ್ದೆಗಣ್ಣಿನಲ್ಲಿ ಗುಟುಕು ನೀರಿನಲ್ಲಿ ನುಂಗಿ ಮಲಗಿದೆ. ಮಾರನೆಯ ದಿನವೆಲ್ಲ ಎದೆಯಲ್ಲಿ ಕೆಂಡ. ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ ಎಂದೂ ಹೇಳಿದ್ದರು. ಯಜಮಾನರು ನಂಬಲಿಲ್ಲ. ದ್ವೀಪದ ನುಂಗ್ವಿ ಎಂಬ ಊರಿನ ಕಡಲ ದಡದಲ್ಲಿ ಒಂದು ಮಧ್ಯಾಹ್ನ ಕಳೆದ ಮೇಲೆ ನಂಬಿದರು.

ರಾತ್ರಿಯ ಮಟ್ಟಿಗೆ ನಾವು ಜಾಗರೂಕರು. ಪರದೆಯ ತೂತುಗಳಿಗೆ ನಾನು ಸೂಜಿ ದಾರ ಒಯ್ದಿದ್ದೆ, ಎರಡು ಕಡೆ ಹೊಲಿದೆ ಕೂಡ. ಎಡವಿದ್ದು ಹಗಲಿನಲ್ಲಿ. ಮಲೇರಿಯಾದ ಅನಾಫಿಲಿಸ್ ಕತ್ತಲೆಯಲ್ಲಿ ಕಚ್ಚುತ್ತದೆ, ಈಡಿಸ್ ಹಗಲಿನಲ್ಲಿ. ಮಸಾಲೆ ತೋಟಕ್ಕೆ ಹೋದೆವು: ಲವಂಗ, ಏಲಕ್ಕಿ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ತವರಿಗೆ ಬಂದಂತಾಗಿ, ಚಪ್ಪಲಿ ಕಾಲಿನಲ್ಲೇ ಅಡ್ಡಾಡಿದೆ. ದಾರಿಯ ಪಕ್ಕದಲ್ಲಿ ಒಡೆದ ತೆಂಗಿನ ಚಿಪ್ಪುಗಳ ರಾಶಿ, ಚಿಪ್ಪು ಚಿಪ್ಪಿನಲ್ಲೂ ಮಳೆನೀರು, ನೀರಿನಲ್ಲಿ ಕುಣಿಯುವ ಮರಿಗಳು. ನೋಡಿ ಕಾಲಿನತ್ತ ಕಣ್ಣು ಹಾಯಿಸುವಷ್ಟರಲ್ಲಿ ಪಾದದ ಗಂಟಿನ ಸುತ್ತ ಆರೇಳು ಕಡಿತ. ತೋಟ ತೋರಿಸುತ್ತಿದ್ದ ಹುಡುಗ "ಮ್ಬು, ಮ್ಬು" ಎಂದು ನಕ್ಕ. ಸ್ವಾಹಿಲಿಯಲ್ಲಿ ಸೊಳ್ಳೆಗೆ ಅದೇ ಹೆಸರು. ಅಂದಿನಿಂದ ಕಾಲುಚೀಲ, ಉದ್ದ ತೋಳು. ಮೊದಲು ಬಿಸಿಲಿನ ಕ್ರೀಮು, ಅದು ಒಣಗಿದ ಮೇಲೆ ಸೊಳ್ಳೆ ಮುಲಾಮು. ತಿರುಗುಮುರುಗಾದರೆ ಮುಲಾಮು ಅಡಿಯಲ್ಲಿ ಸೇರಿ ಕೆಲಸಕ್ಕೆ ಬರುವುದಿಲ್ಲ.

ಆ ಕಡಿತ ನೋಡಿದಾಗ ನೆನಪಾದದ್ದು ಅಪ್ಪ. 2006ರಲ್ಲಿ ಅವರಿಗೆ ಚಿಕೂನ್‌ಗುನ್ಯಾ ಬಂದು, ಆ ವರ್ಷ ಅಡಿಕೆ ಸುಲಿಯುವ ಕತ್ತಿಯ ಮುಂದೆ ಕೂರಲಿಕ್ಕೇ ಆಗಲಿಲ್ಲ. ಆ ರೋಗವನ್ನು ಮೊದಲು ಗುರುತಿಸಿದ್ದು ಇದೇ ಟಾಂಜಾನಿಯಾದ ದಕ್ಷಿಣದಲ್ಲಿ, 1952ರಲ್ಲಿ. ಹೆಸರೂ ಅಲ್ಲಿನ ಮಾಕೊಂಡೆ ಭಾಷೆಯದು, ಮೈ ಬಾಗಿಸುವುದು ಎಂಬ ಅರ್ಥ. ಅದಕ್ಕೂ ಹರಡಲು ಈಡಿಸ್ಸೇ ಬೇಕು.

ಮನೆಗೆ ಬಂದ ಒಂಬತ್ತನೆಯ ದಿನ ನನಗೆ ಜ್ವರ. ಕ್ಲಿನಿಕ್ಕಿನ ಬಾಗಿಲಲ್ಲೇ "ಆಫ್ರಿಕಾಗೆ ಹೋಗಿದ್ದೆ" ಎಂದೆ. ವೈದ್ಯರು ಅದೇ ಗಳಿಗೆಯಲ್ಲಿ ಮಲೇರಿಯಾ, ಡೆಂಗಿ ಎರಡಕ್ಕೂ ರಕ್ತ ತೆಗೆಸಿದರು. ಡೆಂಗಿ ಅಲ್ಲವೆಂದು ಖಚಿತವಾಗುವವರೆಗೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಮುಟ್ಟಬೇಡಿ, ರಕ್ತಸ್ರಾವಕ್ಕೆ ದಾರಿಯಾಗುತ್ತದೆ ಎಂದರು. ಮಲೇರಿಯಾ ಇಲ್ಲ ಎಂದು ಬಂದರೂ ಒಂದೇ ಪರೀಕ್ಷೆಗೆ ಬಿಡಲಿಲ್ಲ, ಮಾರನೆಯ ದಿನವೂ, ಅದರ ಮಾರನೆಯ ದಿನವೂ ಕರೆದರು. ಮೂರನೆಯ ದಿನ ಮೂಗು ಸೋರತೊಡಗಿತು. ಪಕ್ಕದ ಮನೆಯ ಮಗುವಿಗೂ ಅದೇ ನೆಗಡಿ.

ಡಾಕ್ಸಿಸೈಕ್ಲಿನ್ ಇನ್ನೂ ಹದಿನಾರು ಉಳಿದಿದ್ದವು. ಅತ್ತೆಯವರು ದಿನವೂ ಊಟದ ಮೇಲೆ ದೊಡ್ಡ ಲೋಟವನ್ನೇ ತುಂಬಿಸಿ ತಂದಿಟ್ಟು, ನಾನು ನುಂಗುವವರೆಗೆ ಎದುರಿಗೇ ನಿಂತಿರುತ್ತಿದ್ದರು.