ಖಾಲಿಯಾಗದ ಚೊಂಬು: 'ವಾಟರ್ ಆಫ್ ಇಂಡಿಯಾ' ಮಾಡುವುದು ಹೇಗೆ?

ಜಾದೂಗಾರ ಪಿ. ಸಿ. ಸರ್ಕಾರ್ ಅಂದರೆ ಜನಕ್ಕೆ ಮೊದಲು ನೆನಪಾಗುವುದು ಗರಗಸ. 1956ರ ಏಪ್ರಿಲ್ 9ರಂದು ಬಿಬಿಸಿಯ 'ಪನೋರಮಾ' ಕಾರ್ಯಕ್ರಮದಲ್ಲಿ ಅವರು 17 ವರ್ಷದ ಸಹಾಯಕಿಯನ್ನು ಗರಗಸದಿಂದ ಎರಡು ಭಾಗ ಮಾಡಿದರು. ಆಮೇಲೆ ಎಬ್ಬಿಸಲು ನೋಡಿದರು. ಹುಡುಗಿ ಅಲುಗಾಡಲಿಲ್ಲ. ಅಷ್ಟರಲ್ಲಿ ನಿರೂಪಕರು ಮುಂದೆ ಬಂದು ಕಾರ್ಯಕ್ರಮ ಮುಗಿಸಿಬಿಟ್ಟರು. ಹುಡುಗಿ ಸತ್ತೇ ಹೋದಳು ಅಂತ ಹೆದರಿದ ಜನ ಬಿಬಿಸಿಗೆ ಫೋನ್ ಮೇಲೆ ಫೋನ್ ಮಾಡಿದರು. ಮರುದಿನ ಪತ್ರಿಕೆಗಳಲ್ಲೂ ಅದೇ ಸುದ್ದಿ.

ಗರಗಸ ಜನರನ್ನು ಥಿಯೇಟರಿಗೆ ಕರೆತಂದಿತು, ನಿಜ. ಆದರೆ ಬಂದವರನ್ನು ಕುರ್ಚಿಯಲ್ಲಿ ಕೂರಿಸಿದ್ದರಲ್ಲಿ ಒಂದು ಚೊಂಬಿನ ಪಾಲೂ ದೊಡ್ಡದು ಅಂತ ನನ್ನ ನಂಬಿಕೆ. ಅವರ 'ಇಂದ್ರಜಾಲ' ಪ್ರದರ್ಶನದಲ್ಲಿ ಐಟಂಗಳ ನಡುನಡುವೆ ಅದು ಬರುತ್ತಿತ್ತು. ಸರ್ಕಾರ್ ಚೊಂಬನ್ನು ಬಗ್ಗಿಸಿ ಪೂರ್ತಿ ಖಾಲಿ ಮಾಡುತ್ತಿದ್ದರು. ಇನ್ನೊಂದು ಐಟಂ ಮುಗಿಸಿ ಬಂದರೆ ಅದರಲ್ಲಿ ಮತ್ತೆ ನೀರು! ಅದೇ 'ವಾಟರ್ ಆಫ್ ಇಂಡಿಯಾ'. ಹಲವು ವರ್ಷಗಳಿಂದ ಸಣ್ಣಪುಟ್ಟ ವೇದಿಕೆಗಳಲ್ಲಿ ಜಾದೂ ಮಾಡುತ್ತಿದ್ದೇನೆ. ಈ ಚೊಂಬು ಇಲ್ಲದೆ ಒಂದು ಪ್ರದರ್ಶನಕ್ಕೂ ಹೋಗುವುದಿಲ್ಲ.

ಗುಟ್ಟು ಹೇಳಬಹುದಾ ಅಂತ ಕೇಳುತ್ತೀರಿ. ಧಾರಾಳವಾಗಿ ಹೇಳಬಹುದು, ಯಾಕೆಂದರೆ ಜಾದೂ ಇರುವುದು ಅದರಲ್ಲಲ್ಲ. ಒಂದು ಸ್ಟ್ರಾ ತಗೊಳ್ಳಿ. ನೀರಲ್ಲಿ ಅದ್ದಿ, ಮೇಲಿನ ತುದಿಯನ್ನು ಬೆರಳಿಂದ ಮುಚ್ಚಿ ಎತ್ತಿ. ನೀರು ಒಳಗೇ ನಿಲ್ಲುತ್ತದೆ. ಬೆರಳು ತೆಗೆದರೆ ಸುರಿಯುತ್ತದೆ. ಗಾಳಿ ಒಳಗೆ ಬರದೆ ನೀರು ಹೊರಗೆ ಹೋಗುವುದಿಲ್ಲ, ಅಷ್ಟೇ. ನಮ್ಮ ಚೊಂಬಿಗೆ ಎರಡು ಗೋಡೆ. ನಡುವಿನ ಜಾಗದಲ್ಲಿ ಕಾಣದ ನೀರು. ತಳದಲ್ಲಿ ಒಂದು ತೂತು ಆ ನೀರನ್ನು ಒಳಗಿನ ಪಾತ್ರೆಗೆ ಬಿಡುತ್ತದೆ. ಮೇಲೆ ಕಂಠದ ಹತ್ತಿರ ಇನ್ನೊಂದು ಚಿಕ್ಕ ತೂತು, ಅದು ಗಾಳಿಗೆ. ಆ ತೂತಿನ ಮೇಲೆ ನಿಮ್ಮ ಹೆಬ್ಬೆರಳು.

ತುಂಬುವಾಗ ಅವಸರ ಬೇಡ. ಗಾಳಿಯ ತೂತು ತೆರೆದಿರಲಿ. ಕಂಠದವರೆಗೆ ನೀರು ಹಾಕಿ ಸ್ವಲ್ಪ ಬಿಡಿ. ಮಟ್ಟ ಇಳಿಯುತ್ತದೆ. ಮತ್ತೆ ಹಾಕಿ. ಇಳಿಯುವುದು ನಿಲ್ಲುವ ತನಕ ಹೀಗೇ ಮಾಡಿ. ಬೆರಳನ್ನು ಸ್ವಲ್ಪ ಒದ್ದೆ ಮಾಡಿಕೊಳ್ಳಿ, ತೂತು ಚೆನ್ನಾಗಿ ಮುಚ್ಚುತ್ತದೆ. ಉಗುರಿನ ತುದಿ ಸಾಲದು, ಬೆರಳಿನ ಮೆತ್ತಗಿನ ಭಾಗವನ್ನೇ ಒತ್ತಿ.

ಈಗ ಸುರಿಯಿರಿ. ಕೊನೆಯ ಹನಿಯವರೆಗೆ ಸುರಿದು, ಚೊಂಬನ್ನು ತಲೆಕೆಳಗೆ ಹಿಡಿದು ಒಂದು ಸಲ ಕೊಡವಿ. ಇಲ್ಲಿ ಎಚ್ಚರ. ಚೊಂಬು ಪೂರ್ತಿ ನೆಟ್ಟಗೆ ಆಗುವ ತನಕ ಹೆಬ್ಬೆರಳು ಕದಲಬಾರದು. ನನ್ನ ಮೊದಲ ಪ್ರದರ್ಶನದಲ್ಲಿ ಕೈ ಇಳಿಸುವಾಗಲೇ ಬೆರಳು ಸಡಿಲ ಬಿಟ್ಟೆ. ಗಾಳಿಯ ತೂತಿಂದ ನೀರು ಜಿನುಗಿ ತೋಳಿನೊಳಗೆ ಮೊಣಕೈವರೆಗೂ ಹರಿಯಿತು. ಮುಂದಿನ ಸಾಲಿನ ಹುಡುಗಿಯೊಬ್ಬಳು ಅದನ್ನು ನೋಡಿದಳು. ಆಮೇಲೆ ಅವಳು ಚೊಂಬನ್ನು ನೋಡಲೇ ಇಲ್ಲ, ನನ್ನ ಕೈಯನ್ನೇ ನೋಡುತ್ತಾ ಕೂತಳು. ಅವತ್ತು ತುಂಬಾ ಬೇಜಾರಾಯಿತು. ಒಂದು ತಿಂಗಳು ಮನೆಯಲ್ಲಿ ಬಾತ್‌ರೂಮಿನ ಬಕೆಟ್ ಮುಂದೆ ನಿಂತು ಬರೀ ಸುರಿಯುವುದನ್ನೇ ಅಭ್ಯಾಸ ಮಾಡಿದೆ.

ಚೊಂಬನ್ನು ಮೇಜಿನ ಮೇಲೆ ಇಟ್ಟು ಕೈ ತೆಗೆದ ಕ್ಷಣದಿಂದ ನೀರು ತಾನಾಗಿ ತುಂಬಿಕೊಳ್ಳುತ್ತದೆ. ನೀವು ಮಾಡಬೇಕಾದ್ದು ಏನೂ ಇಲ್ಲ. ಆದರೆ ಅದಕ್ಕೆ ಸ್ವಲ್ಪ ಹೊತ್ತು ಬೇಕು. ಅದಕ್ಕೇ ನಡುವೆ ಬೇರೆ ಐಟಂ ಬೇಕು. ಹಗ್ಗವೋ ಕರವಸ್ತ್ರವೋ ಯಾವುದಾದರೂ ಸರಿ, ಎರಡು ಮೂರು ನಿಮಿಷದ್ದು. ಆ ಹೊತ್ತಲ್ಲಿ ಚೊಂಬಿನ ಕಡೆ ತಿರುಗಿಯೂ ನೋಡಬೇಡಿ. ನೀವು ನೋಡಿದರೆ ಜನರೂ ನೋಡುತ್ತಾರೆ. ನೀವು ನಿಜವಾಗಿ ಮರೆತರೆ ಅವರೂ ಮರೆಯುತ್ತಾರೆ. ಮರೆತವರಿಗೆ ಮಾತ್ರ ಎರಡನೇ ಸಲ ಸುರಿಯುವಾಗ ಆಶ್ಚರ್ಯ ಆಗುವುದು, ಅಲ್ವಾ?

ಇನ್ನೊಂದು ವಿಷಯವನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಪ್ರತಿ ಸಲವೂ ನೀರು ಕಡಿಮೆಯಾಗುತ್ತಾ ಹೋಗುತ್ತದೆ. ಒಳಗೂ ಹೊರಗೂ ಒಂದೇ ಮಟ್ಟಕ್ಕೆ ಬಂದು ನಿಲ್ಲುವುದರಿಂದ ಹಾಗಾಗುತ್ತದೆ. ಮೊದಲ ಸಲ ಧಾರಾಳವಾಗಿ ಬಂದದ್ದು ನಾಲ್ಕನೇ ಸಲಕ್ಕೆ ಸಣ್ಣ ಧಾರೆ. ಆದ್ದರಿಂದ ಮೊದಲೆರಡು ಸಲ ಗಾಜಿನ ಜಗ್ಗಿಗೆ ಸುರಿಯಿರಿ, ಎಲ್ಲರಿಗೂ ಕಾಣಲಿ. ಆಮೇಲೆ ತಗಡಿನ ಬಕೆಟ್ಟಿಗೆ, ಸ್ವಲ್ಪ ಎತ್ತರದಿಂದ, ನಿಧಾನವಾಗಿ. ತಗಡಿಗೆ ಬೀಳುವ ನೀರಿನ ಸದ್ದು ದೊಡ್ಡದು. ಕಿವಿ ಜಾಸ್ತಿ ನೀರು ಅಂತಲೇ ನಂಬುತ್ತದೆ.

ಮುಖದ ಬಗ್ಗೆಯೂ ಹೇಳಬೇಕು. ಸರ್ಕಾರ್ ವೇದಿಕೆಗೆ ಮಹಾರಾಜನ ಹಾಗೆ ಪೇಟ, ಮಿರುಗುವ ಶೇರ್ವಾನಿ ತೊಟ್ಟು ಬರುತ್ತಿದ್ದರು. ಅಂಥ ರಾಜಗಾಂಭೀರ್ಯದವರು ಒಂದು ಸಾದಾ ಚೊಂಬನ್ನು ಎತ್ತಿ ಸುರಿದರೆ ಅದಕ್ಕೊಂದು ತೂಕ ಬರುತ್ತದೆ. ನಮ್ಮ ಹತ್ತಿರ ಆ ಉಡುಪು ಇರಲ್ಲ, ಪರವಾಗಿಲ್ಲ. ಆದರೆ ಸುರಿಯುವಾಗ ಹಲ್ಲು ಕಿರಿಯಬೇಡಿ, 'ನೋಡಿ ನೋಡಿ' ಅಂತ ಕೂಗಬೇಡಿ. ಮನೆಯ ಗಿಡಕ್ಕೆ ನೀರು ಹಾಕುವಷ್ಟು ಸಹಜವಾಗಿ ಮಾಡಿ. 'ವಾಟರ್ ಆಫ್ ಇಂಡಿಯಾ' ಅಂತ ಒಂದೇ ದನಿಯಲ್ಲಿ ಹೇಳಿ ಮುಂದಿನ ಐಟಮ್ಮಿಗೆ ಹೋಗಿ. ಮೂರನೇ ಸಲಕ್ಕೆ ಮಕ್ಕಳೇ ನಿಮಗಿಂತ ಮುಂಚೆ ಅದನ್ನು ಕೂಗುತ್ತಾರೆ. ಕೂಗಲಿ, ತಡೆಯಬೇಡಿ.

ಕೊನೆಯ ಸಲದ ನೀರನ್ನು ಬಕೆಟ್ಟಿಗೆ ಹಾಕಬೇಡಿ. ಪ್ರದರ್ಶನ ಮುಗಿಸಿ, ನಮಸ್ಕಾರ ಮಾಡಿ, ಹೊರಟವರು ನೆನಪಾಗಿ ವಾಪಸ್ ಬಂದ ಹಾಗೆ ಬನ್ನಿ. ಒಂದು ಸಣ್ಣ ಲೋಟಕ್ಕೆ ಸುರಿಯಿರಿ. ಸಣ್ಣ ಲೋಟ ಆದ್ದರಿಂದ ಉಳಿದಷ್ಟೇ ನೀರಲ್ಲಿ ತುಂಬಿಬಿಡುತ್ತದೆ. ನೀವು ಸುಮ್ನೆ ಪಕ್ಕಕ್ಕೆ ಸರಿಯಿರಿ.

ಮನೆಗೆ ಹೋದ ಮೇಲೆ ಚೊಂಬನ್ನು ಹಾಗೇ ಚೀಲದಲ್ಲಿ ಬಿಡಬೇಡಿ. ಎರಡು ಗೋಡೆಯ ನಡುವೆ ನೀರು ನಿಂತರೆ ವಾಸನೆ ಬರುತ್ತದೆ, ಗಾಳಿಯ ತೂತೂ ಕಟ್ಟಿಕೊಳ್ಳುತ್ತದೆ. ತೂತು ತೆರೆದಿರುವಂತೆ ಮಗುಚಿ ಇಟ್ಟು ರಾತ್ರಿಯೆಲ್ಲಾ ಒಣಗಲು ಬಿಡಿ. ಮುಂದಿನ ಪ್ರದರ್ಶನಕ್ಕೆ ಹೊರಡುವ ಮುಂಚೆ ಒಂದು ಸೂಜಿಯಿಂದ ತೂತನ್ನು ಚುಚ್ಚಿ ನೋಡಿ.