ಹುಬ್ಬಳ್ಳಿ–ಧಾರವಾಡದ ಚಿಗರಿ ಪಥ: ಬಳ್ಳಾರಿ, ಕೊಪ್ಪಳದಿಂದ ಹೋಗುವ ಚಾಲಕರು ತಿಳಿದಿರಬೇಕಾದದ್ದು

ಬಳ್ಳಾರಿಯಲ್ಲಾಗಲಿ ಕೊಪ್ಪಳದಲ್ಲಾಗಲಿ ಬಸ್ಸಿಗೆಂದೇ ಬೇರ್ಪಡಿಸಿದ ಪಥವಿಲ್ಲ. ಬಳ್ಳಾರಿಯ ರಾಯಲ್ ವೃತ್ತದಲ್ಲಿ ಸಾರಿಗೆ ಬಸ್ಸು, ಆಟೊ, ಟಂಟಂ, ಬೈಕುಗಳೆಲ್ಲ ಒಂದರ ಮಗ್ಗುಲಲ್ಲಿ ಇನ್ನೊಂದು ನುಸುಳಿಕೊಂಡು ಸಾಗುವುದಕ್ಕೆ ಒಗ್ಗಿಕೊಂಡ ನಮ್ಮ ಭಾಗದ ಚಾಲಕರು, ಕಿಮ್ಸ್ ಆಸ್ಪತ್ರೆಗೋ ಧಾರವಾಡದ ಹೈಕೋರ್ಟ್ ಪೀಠಕ್ಕೋ ಹೊರಟು ಹುಬ್ಬಳ್ಳಿ ತಲುಪಿದಾಗ, ರಸ್ತೆಯ ನಡುವೆ ಕಂಬಿ ಹಾಕಿ ಬಿಟ್ಟಿರುವ ಖಾಲಿ ಪಥವನ್ನು ಕಂಡು ಅತ್ತ ಗಾಡಿ ತಿರುಗಿಸಿಬಿಡುವ ಸಾಧ್ಯತೆ ಹೆಚ್ಚು. ಅದು ಚಿಗರಿ ಬಸ್ಸುಗಳಿಗೆ ಮೀಸಲಾದ ಬಿಆರ್‌ಟಿಎಸ್ (ತ್ವರಿತ ಬಸ್ ಸಾರಿಗೆ ವ್ಯವಸ್ಥೆ) ಪಥ. ಖಾಸಗಿ ವಾಹನ ಅದರೊಳಗೆ ಹೋದರೆ ಸಂಚಾರ ಪೊಲೀಸರು ದಂಡ ವಿಧಿಸಬಹುದು.

2018ರ ಅಕ್ಟೋಬರ್‌ನಲ್ಲಿ ಸಂಚಾರ ಆರಂಭಿಸಿ, 2020ರ ಫೆಬ್ರುವರಿಯಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಯಾದ ಈ ವ್ಯವಸ್ಥೆ ಎರಡೂ ಊರುಗಳ ನಡುವೆ ಸುಮಾರು 22 ಕಿ.ಮೀ. ಉದ್ದಕ್ಕಿದೆ. ಊರೊಳಗಿನ ಕೆಲವು ಭಾಗಗಳಲ್ಲಿ ಚಿಗರಿ ಬಸ್ಸುಗಳು ಇತರ ವಾಹನಗಳೊಂದಿಗೇ ಓಡುತ್ತವೆ. ಹೊಸೂರು ವೃತ್ತ ದಾಟಿ ವಿದ್ಯಾನಗರ, ಉಣಕಲ್, ನವನಗರದ ಕಡೆಗೆ ಸಾಗಿದಂತೆ ಪಥ ಪ್ರತ್ಯೇಕವಾಗುತ್ತದೆ. ಹೊಸಬರು ತಪ್ಪುವುದು ಕಂಬಿ ಇರುವಲ್ಲಿ ಅಲ್ಲ, ಕಂಬಿ ಮುಗಿಯುವಲ್ಲಿ. ಸಿಗ್ನಲ್ ಇರುವ ಕೂಡುರಸ್ತೆಗಳಲ್ಲಿ ಪಥದ ಬಾಯಿ ತೆರೆದಿರುವುದರಿಂದ, ಬಲಕ್ಕೆ ಹೊರಳುವವರು ಅಥವಾ ಯು-ತಿರುವು ತೆಗೆದುಕೊಳ್ಳುವವರು ಸ್ವಲ್ಪ ಬೇಗ ಚಕ್ರ ತಿರುಗಿಸಿದರೆ ನೇರವಾಗಿ ಪಥದೊಳಗೇ ನಿಂತಿರುತ್ತಾರೆ. ಆದ್ದರಿಂದ ಅಂಥ ಕಡೆ ಪಥವನ್ನು ಪೂರ್ತಿ ದಾಟಿದ ಮೇಲೆಯೇ ತಿರುಗಬೇಕು. ಸಾರಿಗೆ ಸಂಸ್ಥೆಯ ಬಸ್ಸೊಂದು ಒಳಗೆ ಹೋಯಿತೆಂದು ಅದರ ಬೆನ್ನು ಹಿಡಿಯುವುದು, ರಾತ್ರಿ ಯಾರೂ ಇಲ್ಲವೆಂದು ನುಗ್ಗುವುದು ಎರಡೂ ಬೇಡ. ಪಥದಲ್ಲಿ ಚಿಗರಿ ವೇಗವಾಗಿ ಬರುತ್ತದೆ ಮತ್ತು ಎದುರಿಗೆ ಕಾರು ಬಂದೀತೆಂಬ ನಿರೀಕ್ಷೆ ಅದರ ಚಾಲಕನಿಗೆ ಇರುವುದಿಲ್ಲ.

ಹೈಕೋರ್ಟ್ ಪೀಠಕ್ಕೆ ಹೋಗುವವರಿಗೆ ಇನ್ನೊಂದು ದಾರಿಯಿದೆ. ಪೀಠವು ಧಾರವಾಡ ದಾಟಿ ಬೆಳಗಾವಿ ಕಡೆಗಿರುವುದರಿಂದ, ಹುಬ್ಬಳ್ಳಿಯ ಹೊರಗೆ ಗಬ್ಬೂರು ಬಳಿ ಬೈಪಾಸ್ ಹಿಡಿದು ನರೇಂದ್ರದತ್ತ ಸಾಗಿದರೆ ಚಿಗರಿ ಪಥದ ಗೋಜೇ ಇರುವುದಿಲ್ಲ. ಟೋಲ್ ಕಟ್ಟಬೇಕಾದೀತು, ಆದರೆ ಊರೊಳಗಿನ ಸಿಗ್ನಲ್‌ಗಳಲ್ಲಿ ಕಳೆಯುವ ಹೊತ್ತಿಗೆ ಹೋಲಿಸಿದರೆ ಅದೇ ವಾಸಿ ಎಂಬುದು ನನ್ನ ಅಭಿಪ್ರಾಯ.

ಪೊಲೀಸರು ತಡೆದು ನಿಲ್ಲಿಸಿದರೆ ಮೊದಲು ಗಾಡಿಯನ್ನು ಪಥದಿಂದ ಹೊರತಂದು ಎಡಬದಿಗೆ ನಿಲ್ಲಿಸಿ. ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಕೇಳಿದಾಗ ಚಾಲನಾ ಪರವಾನಗಿ ತೋರಿಸುವುದು ಮೋಟಾರು ವಾಹನ ಕಾಯ್ದೆಯ 130ನೇ ಕಲಮಿನ ಪ್ರಕಾರ ಕಡ್ಡಾಯ. ಡಿಜಿಲಾಕರ್ ಅಥವಾ ಎಂ-ಪರಿವಾಹನ್ ಆ್ಯಪ್‌ನಲ್ಲಿರುವ ದಾಖಲೆಗಳಿಗೂ ಮಾನ್ಯತೆಯಿದೆ. ಸಂಚಾರ ಚಿಹ್ನೆಗಳನ್ನೂ ಪೊಲೀಸರ ಸೂಚನೆಯನ್ನೂ ಪಾಲಿಸಬೇಕೆಂದು ಹೇಳುವುದು 119ನೇ ಕಲಂ. 2019ರ ತಿದ್ದುಪಡಿಯ ನಂತರ, ಬೇರೆ ದಂಡ ನಿಗದಿಯಾಗದ ತಪ್ಪುಗಳಿಗೆ 177ನೇ ಕಲಮಿನಡಿ ಮೊದಲ ಸಲ 500 ರೂಪಾಯಿವರೆಗೆ, ಮತ್ತೆ ಮಾಡಿದರೆ 1,500 ರೂಪಾಯಿವರೆಗೆ ದಂಡವಿದೆ. ಚಾಲನಾ ನಿಯಮಾವಳಿಯ ಉಲ್ಲಂಘನೆಯೆಂದು 177ಎ ಕಲಂ ಹಾಕಿದರೆ 500ರಿಂದ 1,000 ರೂಪಾಯಿ. ಹೀಗಾಗಿ ಚಲನ್‌ನಲ್ಲಿ ಮೊತ್ತಕ್ಕಿಂತ ಮೊದಲು ಯಾವ ಕಲಂ ನಮೂದಾಗಿದೆ ಎಂಬುದನ್ನು ನೋಡಿ. ಸ್ಥಳದಲ್ಲೇ ಹಣ ಕಟ್ಟುವುದಾದರೆ ಯಂತ್ರದಿಂದ ಬರುವ ರಸೀದಿಯಿಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ. “ಸರ್, ನಾವು ಗಂಗಾವತಿಯವರು, ಗೊತ್ತಾಗಲಿಲ್ಲ” ಎಂದು ವಿನಯದಿಂದ ಹೇಳುವುದರಲ್ಲಿ ತಪ್ಪಿಲ್ಲ, ಆದರೆ ಗೊತ್ತಿರಲಿಲ್ಲವೆಂಬುದು ಕಾನೂನಿನ ಮುಂದೆ ಸಮಜಾಯಿಷಿಯಲ್ಲ. ವಾಗ್ವಾದಕ್ಕಿಳಿದು, ಕೊಟ್ಟ ಆದೇಶವನ್ನು ಧಿಕ್ಕರಿಸಿದರೆ 179ನೇ ಕಲಂ ಸೇರಿಕೊಂಡು ದಂಡ 2,000 ರೂಪಾಯಿಗೆ ಏರಬಹುದು.

ಕ್ಯಾಮೆರಾದಲ್ಲಿ ದಾಖಲಾದ ಪ್ರಕರಣದ ರೀತಿ ಬೇರೆ. ಊರಿಗೆ ಮರಳಿ ಎಷ್ಟೋ ದಿನಗಳಾದ ಮೇಲೆ ಮೊಬೈಲಿಗೆ ಸಂದೇಶ ಬರುತ್ತದೆ, ಗಾಡಿಯ ನೋಂದಣಿ ದಾಖಲೆಯಲ್ಲಿ (ಆರ್‌ಸಿ) ಹಳೆಯ ಮೊಬೈಲ್ ನಂಬರ್ ಇದ್ದರೆ ಅದೂ ಬರುವುದಿಲ್ಲ. ಆದ್ದರಿಂದ ಪರಿವಾಹನ್ ಜಾಲತಾಣದಲ್ಲಿ ಮೊಬೈಲ್ ನಂಬರನ್ನು ಸರಿಪಡಿಸಿಕೊಳ್ಳುವುದು ಪ್ರಯಾಣಕ್ಕೆ ಮೊದಲೇ ಮಾಡಬೇಕಾದ ಕೆಲಸ. ಸಂದೇಶ ಬಂದಾಗ ಅದರಲ್ಲಿರುವ ಕೊಂಡಿಯನ್ನು ಒತ್ತಬೇಡಿ. ಚಲನ್ ಹೆಸರಿನಲ್ಲಿ ಎಪಿಕೆ ಕಡತ (ಮೊಬೈಲಿನಲ್ಲಿ ಆ್ಯಪ್ ಅಳವಡಿಸುವ ಕಡತ) ಕಳಿಸಿ ಬ್ಯಾಂಕ್ ಖಾತೆ ಬರಿದು ಮಾಡುವ ವಂಚನೆ ಈಗ ಎಲ್ಲೆಡೆ ನಡೆಯುತ್ತಿದೆ. ಪರಿವಾಹನ್ ಇ-ಚಲನ್ ಜಾಲತಾಣವನ್ನು ನೀವೇ ತೆರೆದು, ಗಾಡಿಯ ನಂಬರ್ ಹಾಕಿ ನೋಡಬೇಕು. ಅಂತರ್ಜಾಲದ ಬಳಕೆ ಕಷ್ಟವೆನ್ನುವವರು ಬಳ್ಳಾರಿಯ ಕರ್ನಾಟಕ ಒನ್ ಕೇಂದ್ರದಲ್ಲಿ ವಿಚಾರಿಸಬಹುದು.

ಇ-ಚಲನ್ ಜಾಲತಾಣದಲ್ಲಿ ಸಿಗುವ ಚಿತ್ರವನ್ನು ತಾಳ್ಮೆಯಿಂದ ಪರಿಶೀಲಿಸಿ: ನಂಬರ್ ಪ್ಲೇಟ್ ಸ್ಪಷ್ಟವಾಗಿದೆಯೇ, ಗಾಡಿ ನಿಮ್ಮದೇ ಬಣ್ಣ ಮತ್ತು ಮಾದರಿಯದೇ, ಸ್ಥಳ, ದಿನಾಂಕ, ಸಮಯ ನೀವು ಅಲ್ಲಿದ್ದುದಕ್ಕೆ ಹೊಂದುತ್ತವೆಯೇ. ಕೇಂದ್ರ ಮೋಟಾರು ವಾಹನ ನಿಯಮಾವಳಿಗೆ 2021ರಲ್ಲಿ ಸೇರಿಸಿದ 167ಎ ನಿಯಮವು ಕ್ಯಾಮೆರಾ ಆಧಾರಿತ ನೋಟಿಸನ್ನು ಘಟನೆಯಾದ 15 ದಿನಗಳೊಳಗೆ ಕಳಿಸಬೇಕೆಂದೂ, ಕ್ಯಾಮೆರಾ ಕಣ್ಗಾವಲು ಇರುವ ರಸ್ತೆಯಲ್ಲಿ ಮುನ್ಸೂಚನಾ ಫಲಕ ಇರಬೇಕೆಂದೂ ಹೇಳುತ್ತದೆ. ಗಾಡಿಯನ್ನು ಅಂದು ಬೇರೆಯವರು ಓಡಿಸಿದ್ದರೆ, ಪೊಲೀಸರು ಕೇಳಿದಾಗ ಅವರ ವಿವರ ಕೊಡುವುದು 133ನೇ ಕಲಮಿನಂತೆ ಮಾಲೀಕರ ಹೊಣೆ.

ತಪ್ಪು ನಿಜವಾಗಿಯೂ ಆಗಿದ್ದರೆ ಕಟ್ಟಿ ಮುಗಿಸುವುದೇ ಲೇಸು. 2023ರ ಫೆಬ್ರುವರಿಯಲ್ಲಿ ಬಾಕಿ ದಂಡಕ್ಕೆ ಸರ್ಕಾರ ಶೇ 50ರ ರಿಯಾಯಿತಿ ಕೊಟ್ಟಿದ್ದನ್ನು ನೆನಪಿಟ್ಟು ಮುಂದಿನ ರಿಯಾಯಿತಿಗೆ ಕಾಯುವವರಿದ್ದಾರೆ. ಅಷ್ಟರಲ್ಲಿ ಪ್ರಕರಣ ನ್ಯಾಯಾಲಯಕ್ಕೆ ಹೋದರೆ ಕೊಪ್ಪಳದಿಂದ ಒಂದು ದಿನ ಕೆಲಸ ಬಿಟ್ಟು ಓಡಾಡುವ ಖರ್ಚು ಆ ಉಳಿತಾಯವನ್ನು ಮೀರುತ್ತದೆ. ಆದರೆ ನಿಮ್ಮ ನಂಬರನ್ನೇ ಇನ್ನೊಂದು ಗಾಡಿಗೆ ಹಾಕಿಕೊಂಡಿರುವುದು ಚಿತ್ರದಲ್ಲಿ ಕಂಡರೆ, ಮೊತ್ತ ಎಷ್ಟೇ ಚಿಕ್ಕದಿರಲಿ ಕಟ್ಟಬೇಡಿ. ಆ ಚಿತ್ರದ ಪ್ರತಿ, ಆರ್‌ಸಿ ಮತ್ತು ನಿಮ್ಮ ಗಾಡಿಯ ಈಗಿನ ಚಿತ್ರಗಳೊಂದಿಗೆ ಇ-ಚಲನ್ ಜಾಲತಾಣದ ದೂರು ವಿಭಾಗದಲ್ಲಿ ಆಕ್ಷೇಪ ಸಲ್ಲಿಸಿ, ನಿಮ್ಮ ಊರಿನ ಠಾಣೆಯಲ್ಲೂ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ. ಆ ಗಾಡಿ ಮುಂದೆ ಮಾಡುವ ತಪ್ಪುಗಳ ನೋಟಿಸುಗಳೂ ನಿಮ್ಮ ಮನೆಗೇ ಬರುವುದರಿಂದ ಆ ಸ್ವೀಕೃತಿಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು.